ಭರತಿ ಇಳಿಯುವವರೆಗೆ ಕೂತ ಸಣ್ಣಕ್ಕೋರು

ಸಣ್ಣಕ್ಕೋರ ಬಲಗಾಲಿನ ಹಿಮ್ಮಡಿಯಲ್ಲಿ ಒಂದು ಗಾಯದ ಗುರುತಿತ್ತು. ಬಳಚಿನ, ಅಂದರೆ ಹೊಳೆಯ ಕಪ್ಪೆಚಿಪ್ಪಿನ, ಅಂಚಿನಂತೆಯೇ ಬಾಗಿದ ಬಿಳಿ ಗೆರೆ. ಅದು ಆದದ್ದು ನಮ್ಮ ಹೊಳೆಯ ಕೆಸರಿನಲ್ಲಿ, ನನ್ನ ಕಣ್ಣೆದುರಿಗೇ. ಕಾಲಿನಿಂದ ರಕ್ತ ಹರಿಯುತ್ತಿದ್ದರೂ ಅವರು ಬುಟ್ಟಿ ಬಿಡಲಿಲ್ಲ. "ನಂಗೆ ಇಷ್ಟೇ ಸಿಕ್ಕಿದ್ದು ಗೋ," ಎಂದು ನಾಲ್ಕು ಬಳಚು ತೋರಿಸಿದರು. ಅದರಲ್ಲಿ ಎರಡು ಕಲ್ಲು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಎನ್ನುತ್ತೇವೆ. ಇವರಿಗೆ ಆಗ ಹತ್ತೊಂಬತ್ತೋ ಇಪ್ಪತ್ತೋ, ಕಾರವಾರದಲ್ಲಿ ಬಿ.ಎಸ್ಸಿ. ಓದುತ್ತಿದ್ದರು. ಹಾಗಾಗಿ ಸಣ್ಣಕ್ಕೋರು. ಎರಡು ಸಾವಿರದ ಇಸವಿ ಕಳೆದ ಹೊಸತು. ಅವರ ಕಾಲೇಜಿನ ನಾಲ್ಕು ಮಂದಿ ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮೂರು ಬೆಳಂಬಾರಕ್ಕೆ ಬಂದು, ಹತ್ತನೇ ತರಗತಿಯ ನಮ್ಮಂಥವರಿಗೆ ಗಣಿತ, ಇಂಗ್ಲಿಷ್ ಹೇಳಿಕೊಡುವುದೆಂದು ನಿಗದಿಯಾಗಿತ್ತು. ನಮ್ಮಂಥವರು ಎಂದರೆ, ಅಪ್ಪ ಇಲ್ಲದ ಅಥವಾ ಇದ್ದೂ ಇಲ್ಲದಂತಿದ್ದ ಮನೆಗಳ ಮಕ್ಕಳು. ನೀರು ಇಳಿದಾಗ ಅವ್ವಿಯ ಜೊತೆ ಹೊಳೆಗಿಳಿದು ಬಳಚು ಹೆಕ್ಕಿ, ಅದು ಅಂಕೋಲೆಯ ಪೇಟೆಯಲ್ಲಿ ಖರ್ಚಾದರೆ ಮಾತ್ರ ಒಲೆ ಹೊತ್ತುವ ಮನೆಗಳು.

ಸಣ್ಣಕ್ಕೋರು ಬಿಣಗಾದವರು. ಹೆದ್ದಾರಿ ಬದಿಯ ಕಾರ್ಮಿಕರ ವಸತಿಯಲ್ಲಿ ಅವರ ಮನೆ. ಮನೆಮಾತು ಕೊಂಕಣಿ, ಅದರ 'ಗೋ' ಅವರ ಕನ್ನಡದ ಬಾಲಕ್ಕೂ ಅಂಟಿಕೊಂಡಿತ್ತು. ತಂದೆಯ ಹಳೆಯ ಗಡಿಯಾರ ಕಟ್ಟಿಕೊಳ್ಳುತ್ತಿದ್ದರು, ಕೈ ಎತ್ತಿದರೆ ಅದು ಮೊಣಕೈತನಕ ಜಾರುತ್ತಿತ್ತು. ಬಸ್ಸಿಳಿದು ಬರುವಾಗ ದಾರಿಯಲ್ಲಿ ಮೂರು ಕಡೆ ನಿಲ್ಲುತ್ತಿದ್ದರು. ಕೇಳಿದರೆ, "ನಿಮ್ಮೂರ ಗಾಳಿ ಚಲೋ ಅದೆ, ಕುಡೀತಾ ಇದ್ದೆ," ಎನ್ನುತ್ತಿದ್ದರು. ನಾವು ಬೆನ್ನ ಹಿಂದೆ ಅವರ ಹಾಗೆಯೇ ನಿಂತು, ಸೊಂಟಕ್ಕೆ ಕೈಯಿಟ್ಟು ಗಾಳಿ ಕುಡಿದು ನಗುತ್ತಿದ್ದೆವು. ಈಗ ಅದನ್ನು ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಪಾಠ ಶುರುವಾಗಿ ಎರಡು ತಿಂಗಳಲ್ಲಿ ಒಂದು ವಿಚಿತ್ರ ಕಂಡಿತು. ಒಂದು ಭಾನುವಾರ ಪಾಠದ ಕೋಣೆ ತುಂಬ ನಾವು, ಮುಂದಿನ ಭಾನುವಾರ ಒಬ್ಬರೂ ಇಲ್ಲ. ಉಳಿದ ಮೂವರು, ಈ ಮಕ್ಕಳಿಗೆ ಓದುವ ಮನಸ್ಸೇ ಇಲ್ಲ ಎಂದು ಕೈಬಿಟ್ಟರು. ಅಮಾಸೆ, ಹುಣ್ಣಿಮೆಯ ಆಸುಪಾಸಿನ ಸಂಜೆ ಹೊಳೆ ಪೂರ್ತಿ ಇಳಿದು ಸುಕ್ತಿಯಾಗುತ್ತದೆ, ಆಗ ಮನೆಮಂದಿಯೆಲ್ಲ ಕೆಸರಿನಲ್ಲಿರುತ್ತಾರೆ. ಇದನ್ನೂ ಬಾಯಿಬಿಟ್ಟು ಹೇಳಬೇಕಾಗುತ್ತದೆ ಎಂದು ನಮಗೆ ಹೊಳೆದಿರಲಿಲ್ಲ. ಲೋಕಕ್ಕೆಲ್ಲ ಗೊತ್ತಿದೆ ಎಂದುಕೊಂಡಿದ್ದೆವು.

ಅಂಥ ಒಂದು ಖಾಲಿ ಭಾನುವಾರ ಸಣ್ಣಕ್ಕೋರು ನಮ್ಮನ್ನು ಹುಡುಕುತ್ತ ಹೊಳೆಗೆ ಬಂದರು. ಚಪ್ಪಲಿ ಕೈಯಲ್ಲಿ ಹಿಡಿದು, ಚೂಡಿದಾರ ಮೇಲೆ ಸಿಕ್ಕಿಸಿಕೊಂಡು, ಮೊಣಕಾಲುದ್ದ ಕೆಸರಿಗೆ ಇಳಿದೇಬಿಟ್ಟರು. ಕಾಲು ಕೊಯ್ದುಕೊಂಡದ್ದು ಆಗಲೇ. ಅವ್ವಿ ತನ್ನ ಸೆರಗು ಹರಿದು ಕಟ್ಟಿದಳು. "ನಿಮ್ಗೆಂತಕ್ಕೆ ಇದೆಲ್ಲ, ಅಕ್ಕೋರೇ?"

"ಇವ್ರು ಎಲ್ಲಿ ಹೋತಾರೆ ಅಂತ ನೋಡ್ಬೇಕಿತ್ತು. ಭರತಿ ಯಾವಾಗ, ಸುಕ್ತಿ ಯಾವಾಗ, ನಂಗೂ ಕಲ್ಸಿ ಮಾರಾಯ್ರೆ."

ಅವ್ವಿ ಕಲಿಸಿದಳು. ಮುಂದಿನ ವಾರ ಸಣ್ಣಕ್ಕೋರು ಒಂದು ಪಂಚಾಂಗದ ಕ್ಯಾಲೆಂಡರು ತಂದು ಗೋಡೆಗೆ ಹಾಕಿದರು. ಸುಕ್ತಿಯ ಸಂಜೆಗಳಿಗೆ ಕೆಂಪು ಗುರುತು. ಆ ಭಾನುವಾರಗಳಲ್ಲಿ ಬೆಳಿಗ್ಗೆ ಹತ್ತಕ್ಕೆ ಪಾಠ, ಉಳಿದ ಭಾನುವಾರ ಸಂಜೆ. ನೀರು ದಿನಕ್ಕೆ ಐವತ್ತು ನಿಮಿಷ ತಡವಾದರೆ ಐದು ದಿನಕ್ಕೆ ಎಷ್ಟು ಎಂಬ ಲೆಕ್ಕದಿಂದಲೇ ಅವರು ನನಗೆ ಗಣಿತ ಹಿಡಿಸಿದರು. ಇಷ್ಟಾದರೂ ನಾನು ಮಾರ್ಚಿನ ಪರೀಕ್ಷೆಯಲ್ಲಿ ಗಣಿತದಲ್ಲಿ ನಪಾಸಾದೆ. ಇಪ್ಪತ್ತೆಂಟು ಅಂಕ. ಏಳು ಕಡಿಮೆ.

ಅವ್ವಿ ಸಿಟ್ಟಾಗಲಿಲ್ಲ. "ಸಾಕು ಬಿಡು. ನಂಗೂ ಬುಟ್ಟಿಗೆ ಜನ ಬೇಕು," ಎಂದಳು. ನನ್ನ ಓದು ಅಲ್ಲಿಗೆ ಮುಗಿಯಿತು ಎಂದು ಗೊತ್ತಾಯಿತು. ಅದಕ್ಕಿಂತ ಹೆಚ್ಚಾಗಿ ಸಣ್ಣಕ್ಕೋರಿಗೆ ಮುಖ ತೋರಿಸುವುದು ಹೇಗೆಂದು ನಾಚಿಕೆ. ನಾಲ್ಕು ದಿನ ಬಿಟ್ಟು ಅವರು ಬೆಳಗಿನ ಬಸ್ಸಿಗೆ ಬಂದಾಗ ನಾನು ಒಳಗೆ ಭತ್ತ ತುಂಬಿಡುವ ಪಣತದ ಹಿಂದೆ ಅಡಗಿದೆ. ಅವ್ವಿಗೆ ಹೇಳಲು ಕಲಿಸಿದ್ದೆ.

"ಹೊಳಿಗೆ ಹೋಗ್ಯದೆ. ಸುಕ್ತಿ ಅಲ್ವಾ," ಎಂದಳು ಅವ್ವಿ.

ಹೊರಗೆ ಭರತಿ. ನೀರು ದಂಡೆ ಮುಟ್ಟಿ ತುಳುಕುತ್ತಿತ್ತು, ಜಗಲಿಯಿಂದಲೇ ಕಾಣುತ್ತಿತ್ತು. ಸುಳ್ಳು ಹೇಳಿದ್ದು ಯಾರಿಗೆ? ನಾವೇ ನೀರಿನ ಹೊತ್ತು ಕಲಿಸಿದವರಿಗೆ! ಸಣ್ಣಕ್ಕೋರು ಒಂದು ಗಳಿಗೆ ಹೊಳೆ ನೋಡಿದರು. ಆಮೇಲೆ, "ಹೌದಾ? ಹಾಗಾದ್ರೆ ಮುಗಿದ ಮೇಲೇ ಬರ್ಲಿ. ನಾ ಇಲ್ಲೇ ಕೂತಿರ್ತೆ," ಎಂದರು.

ಕೂತರು. ಅವ್ವಿ ಗಂಜಿ ಕೊಟ್ಟಳು, ಉಂಡರು. ಪಕ್ಕದ ಮನೆಯ ಮಕ್ಕಳಿಗೆ ಮಗ್ಗಿ ಹೇಳಿಸಿದರು. ನಾನು ಒಳಗೆ ಬಾಯಾರಿ, ಬೆವೆತು, ಮನಸ್ಸಿನಲ್ಲೇ ಅವರನ್ನು ಬೈಯುತ್ತ ಕೂತೆ. ಸಂಜೆ ನಿಜವಾಗಿಯೂ ನೀರು ಇಳಿದ ಮೇಲೆ ನಾನು ಹಿತ್ತಲಿನಿಂದ ಹೊರಬಿದ್ದು, ಕಾಲಿಗೆ ಒಂದು ತಂಬಿಗೆ ನೀರು ಹೊಯ್ದುಕೊಂಡು, ಖಾಲಿ ಬುಟ್ಟಿ ಹಿಡಿದು ಅಂಗಳಕ್ಕೆ ಬಂದೆ. ಅವರು ಒಂದು ಚೂರೂ ಕೆಸರಿಲ್ಲದ ನನ್ನ ಕಾಲು ನೋಡಿದರು.

"ಕಾಲು ತೊಳ್ಕೊಂಡೇ ಬಂದ್ಯಾ? ಚಲೋ ಆಯ್ತು. ಕೂತ್ಕೋ, ಫಾರ್ಮ್ ತುಂಬ್ವ."

ಮರುಪರೀಕ್ಷೆಯ ಅರ್ಜಿ ಬೆಳಿಗ್ಗೆಯಿಂದ ಅವರ ಚೀಲದಲ್ಲೇ ಇತ್ತು. ನಾನು ಅತ್ತೆ, ಅವ್ವಿಯೂ ಅತ್ತಳು. ಅವರು ಮಾತ್ರ ನನ್ನ ಹುಟ್ಟಿದ ತಾರೀಕು ಕೇಳಿ ಬರೆದುಕೊಂಡರು. ಮುಂದೆ ಎಷ್ಟೋ ಸಲ, "ನಿನ್ನ ಏಳು ಅಂಕಕ್ಕೆ ಆರು ತಾಸು ಕೂತವಳು ನಾನು," ಎಂದು ಛೇಡಿಸಿದ್ದುಂಟು. ಆ ಸುಳ್ಳಿನ ಸುದ್ದಿಯನ್ನು ಮಾತ್ರ ಒಮ್ಮೆಯೂ ಎತ್ತಲಿಲ್ಲ.

ಪಾಸಾದೆ. ಪಿಯುಸಿ, ಆಮೇಲೆ ಡಿ.ಎಡ್. ಮುಗಿಸಿ ಪ್ರಾಥಮಿಕ ಶಾಲೆ ಸೇರಿ ನಾನೂ ಅಕ್ಕೋರಾದೆ. ಮಗುವೊಂದು ಬಾರದಿದ್ದರೆ ಹಾಜರಿಯಲ್ಲಿ ಗೈರು ಬರೆಯುವ ಮೊದಲು ಅದರ ಮನೆಗೆ ಹೋಗಿ ಬರುವುದು ಅವರಿಂದ ಬಂದ ಚಾಳಿ.

ಸಣ್ಣಕ್ಕೋರಿಗೆ ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿತ್ತು ಎಂಬುದು ನನಗೆ ತಿಳಿದದ್ದು ಅವರು ಹಾಸಿಗೆ ಹಿಡಿದ ಮೇಲೆ. ದಾರಿಯಲ್ಲಿ ನಿಂತು ಕುಡಿದದ್ದು ಯಾವ ಗಾಳಿ ಎಂದು ಆಗ ಗೊತ್ತಾಯಿತು. ಒಮ್ಮೆ ಹೋಗಿ ನೋಡಿದೆ. ತುಟಿ ನೀಲಿಗಟ್ಟಿತ್ತು, ಗಡಿಯಾರ ಕೈಯಲ್ಲಿ ನಿಲ್ಲದೆ ದಿಂಬಿನ ಪಕ್ಕದಲ್ಲಿತ್ತು. ಹೆದರಿ ಹತ್ತೇ ನಿಮಿಷಕ್ಕೆ ಎದ್ದು ಬಂದೆ.

ಮತ್ತೆ ಒಂದು ದಿನ ಅವರೇ ಫೋನು ಮಾಡಿದರು. ನಾನು ಬೆಳಂಬಾರದಲ್ಲಿ ಅದೇ ಜಗಲಿಯ ಮೇಲಿದ್ದೆ. "ಒಮ್ಮೆ ಬಂದು ಹೋಗ್ತ್ಯಾ ಗೋ?" ಎಂದರು. ಆ ತುಟಿ ಕಣ್ಣ ಮುಂದೆ ಬಂತು.

"ಶಾಲೇಲಿ ಪರೀಕ್ಷೆ ನಡೀತದೆ ಅಕ್ಕೋರೇ, ಬಿಡೂದಿಲ್ಲ," ಎಂದೆ.

ಅದು ಮೇ ತಿಂಗಳು. ಊರಿನ ಶಾಲೆಗಳೆಲ್ಲ ಬಾಗಿಲು ಹಾಕಿದ್ದವು. ಅವರು ಹೇಳಿದರು, "ಹೌದಾ? ಹಾಗಾದ್ರೆ ಮುಗಿದ ಮೇಲೇ ಬಾ."

ಮರುದಿನವೇ ಹೋಗಬಹುದಿತ್ತು. ನಾಳೆ, ನಾಡಿದ್ದು ಎಂದು ದಿನ ತಳ್ಳಿದೆ. ಒಂಬತ್ತನೇ ದಿನ ಸುದ್ದಿ ಬಂತು.

ಬಿಣಗಾದ ಮನೆಯಲ್ಲಿ ಅವರನ್ನು ನಡುಕೋಣೆಯಲ್ಲಿ ಮಲಗಿಸಿದ್ದರು. ಮುಖ ನೋಡುವ ಧೈರ್ಯವಾಗದೆ ಕಾಲ ಬಳಿ ಕೂತೆ. ಬಿಳಿ ಬಟ್ಟೆಯ ಹೊರಗೆ ಹಿಮ್ಮಡಿ ಕಾಣುತ್ತಿತ್ತು, ಅದರ ಮೇಲೆ ನಮ್ಮ ಹೊಳೆಯ ಆ ಗೆರೆ. ಅವರ ತಾಯಿ ನನ್ನ ತಲೆ ಮುಟ್ಟಿ ಕೇಳಿದರು, "ನಿನ್ನ ಪರೀಕ್ಷೆ ಮುಗೀತಾ ಮಗಾ? ಅದು ಮುಗಿದ ಕೂಡ್ಲೇ ನೀ ಬತ್ತೆ ಅಂತ ನಮ್ ಮಗಳು ದಿನಾ ಹೇಳ್ತಿತ್ತು."

"ಮುಗೀತು ಅಮ್ಮ," ಎಂದೆ. ಅದೂ ಸುಳ್ಳೇ.