ಅಲೆ ಹಿಂದಿರುಗಿಸಿದ ಖಣ

ನಮ್ಮತ್ತೆ ಗಂಗವ್ವನಿಗೆಂದು ಉಡಿ ತುಂಬಿ ಸಮುದ್ರಕ್ಕೆ ಬಿಟ್ಟ ಹಸಿರು ಕುಬಸದ ಖಣವನ್ನು ಅಲೆ ಮೂರನೇ ಸಲವೂ ತಂದು ಮರಳಿನ ಮೇಲೆ ಹಾಕಿತು. ಲಕ್ಷ್ಮೇಶ್ವರದಿಂದ ಅಂಡಮಾನಿನವರೆಗೆ ಅದನ್ನು ಜೋಪಾನವಾಗಿ ತಂದಿದ್ದರು. ನನಗೋ ಒಂದೇ ಚಡಪಡಿಕೆ. ಉಂಡು ಎರಡು ಗಂಟೆಯ ಬೋಟ್ ಹಿಡಿಯಬೇಕು, ಇನ್ನೂ ಎರಡು ಬೀಚ್ ನೋಡಬೇಕು. ಖಣವನ್ನು ಅಲ್ಲೇ ಬಿಟ್ಟು ಅವರನ್ನು ಎಳೆದುಕೊಂಡೇ ದಂಡೆಯ ಹೋಟೆಲಿಗೆ ಬಂದೆ.

ಅತ್ತೆ ಅನ್ನ ಮುಟ್ಟಲಿಲ್ಲ. "ಗಂಗವ್ವ ನನ್ನ ಉಡಿ ಒಲ್ಲೆ ಅಂದ್ಲವಾ, ನಾ ಹೆಂಗ ಉಣ್ಣಲಿ?" ಎಂದು ಕುಳಿತುಬಿಟ್ಟರು.

ಅಷ್ಟರಲ್ಲಿ ಅಡುಗೆಯ ಹೆಂಗಸೊಬ್ಬಳು ಆ ಖಣವನ್ನು ಹಿಂಡಿ ತಂದು, ಮರೆತು ಬಂದಿರೆಂಬಂತೆ ನಮ್ಮ ಮುಂದೆ ಚಾಚಿದಳು. ಅವಳ ಹಣೆ ಬೋಳು, ಕೈ ಬೋಳು. ನಮ್ಮ ಕಡೆ ಅಂಥವರಿಗೆ ಉಡಿ ತುಂಬುವುದಿಲ್ಲ. ಅತ್ತೆ ಒಂದು ಗಳಿಗೆ ಅವಳನ್ನೇ ನೋಡಿದರು.

"ಗಂಗವ್ವನೇ ಈಕಿಗೆ ಕೊಟ್ಟ ಕಳಿಸ್ಯಾಳ. ಬ್ಯಾಡ ಅನ್ನಾಕ ನಾ ಯಾರು?" ಎಂದವರೇ ಎದ್ದು, ಅವಳ ಸೆರಗು ಒಡ್ಡಿಸಿ, ಖಣದ ಜೊತೆ ಚೀಲದಲ್ಲಿ ಉಳಿದಿದ್ದ ಅಕ್ಕಿ, ಅಡಿಕೆ ಹಾಕಿದರು. ಆಮೇಲೆ ಗಡದ್ದಾಗಿ ಉಂಡರು. ಆ ಹೆಂಗಸು ಮಾತ್ರ ಸೆರಗು ಬಿಡದೆ ನಿಂತೇ ಇದ್ದಳು.

ಬೋಟ್ ತಪ್ಪಲಿಲ್ಲ, ಎರಡೂ ಬೀಚ್ ನೋಡಿದೆವು. "ಆಕಿ ಹೆಸರರೆ ಕೇಳಬೇಕಿತ್ತಲ್ಲವಾ" ಎಂದು ಅತ್ತೆ ಈಗಲೂ ಹಳಹಳಿಸುತ್ತಾರೆ. ಅಂದು ನಾನು ಅವಳನ್ನು ಕೇಳಿದ್ದು ಒಂದೇ ಮಾತು: "ಬೋಟ್ ಬಂತಾ?"