ಮೊದಲ ಖೇಪಿಗೆ ಕೂತವನು

ಐಟಿಐ ಸರ್ಟಿಫಿಕೇಟು, ಒಂದು ಜೊತೆ ಕಪ್ಪು ಬೂಟು, ಹೊರಲಾರದಷ್ಟು ಸೊಕ್ಕು. ಇಷ್ಟು ಸಾಮಾನು ತೆಗೆದುಕೊಂಡು ನಾನು ನಿಪ್ಪಾಣಿಯ ಆ ಗ್ಯಾರೇಜು ಸೇರಿದೆ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು, ನನಗೆ ಇಪ್ಪತ್ತಮೂರು ತುಂಬಿತ್ತು. ಅಲ್ಪವಿದ್ಯಾ ಮಹಾಗರ್ವಿ ಎಂಬ ಮಾತನ್ನು ಯಾರೋ ನನ್ನನ್ನು ನೋಡಿಯೇ ಆಡಿರಬೇಕು.

ಗ್ಯಾರೇಜಿನ ಉಸ್ತಾದರು ಕುಡಚಿ ಕಡೆಯವರು, ಐವತ್ತು ದಾಟಿದ್ದರು. ಇಂಜಿನ್ ಕೆಲಸಕ್ಕೆ ಬೇರೆಯವರಿದ್ದರು. ಇವರು ಮುಟ್ಟುತ್ತಿದ್ದದ್ದು ಬ್ರೇಕ್ ಮಾತ್ರ. ಗಾಡಿ ಬಂದರೆ ಡ್ರೈವರನನ್ನು ಏನೂ ಕೇಳುತ್ತಿರಲಿಲ್ಲ. ಚಪ್ಪಲಿ ಬಿಟ್ಟು, ಕಾಲು ಒರೆಸಿಕೊಂಡು, ಡ್ರೈವರ್ ಸೀಟಿನಲ್ಲಿ ಕೂತು ಬರಿಗಾಲಿನಿಂದ ಪೆಡಲ್ ಒತ್ತುತ್ತಿದ್ದರು. ಮೆತ್ತಗೆ ಹೋದರೆ ಪೈಪಿನಲ್ಲಿ ಗಾಳಿ ಸೇರಿದೆ. ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗಿಳಿದರೆ, ಪೈಪಿಗೆ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನೊಳಗಿನ ರಬ್ಬರ್ ವಾಷರ್ ಸವೆದಿದೆ. ಮುಟ್ಟುತ್ತಲೇ ಕಲ್ಲಿನಂತೆ ಗಟ್ಟಿಯಾಗಿ ಸಿಕ್ಕರೆ ಒಳಗೆ ಏನೋ ಸಿಕ್ಕಿಬಿದ್ದು ಬ್ರೇಕ್ ಬಿಡುತ್ತಿಲ್ಲ. ನಾನು ಬೂಟುಗಾಲಿನಿಂದಲೇ ಒತ್ತಿ ನೋಡುತ್ತಿದ್ದೆ.

"ಲೇ ಐಟಿಐ," ಅನ್ನುತ್ತಿದ್ದರು. ಅವರು ನನಗಿಟ್ಟ ಹೆಸರೇ ಅದು. "ಬೂಟ್ ಹಾಕ್ಕೊಂಡ್ ನಾಡಿ ಹಿಡದ್ರ ಡಾಕ್ಟರ್‌ಗೇನ್ ತಿಳೀತೈತಿ?"

ನಾನು ನಗುತ್ತಿದ್ದೆ, ಬೂಟು ಮಾತ್ರ ಬಿಚ್ಚುತ್ತಿರಲಿಲ್ಲ.

ಅವರದು ಇನ್ನೆರಡು ಕಟ್ಟುನಿಟ್ಟು. ಒಂದು, ಬ್ರೇಕಿನ ರಬ್ಬರನ್ನು ಬ್ರೇಕ್ ಆಯಿಲ್ಲಿನಲ್ಲಿ ಬಿಟ್ಟು ಬೇರೆ ಯಾವುದರಲ್ಲೂ ತೊಳೆಯಬಾರದು. ಗ್ಯಾರೇಜಿನಲ್ಲಿ ಬೋಲ್ಟು, ಬೇರಿಂಗು, ನಮ್ಮ ಕೈ, ಎಲ್ಲವನ್ನೂ ಡೀಸೆಲ್ಲಿನ ತಗಡಿನ ತಾಟಿನಲ್ಲೇ ತೊಳೆಯುತ್ತಿದ್ದೆವು. ಆದರೆ ಡೀಸೆಲ್ ತಾಗಿದರೆ ಈ ರಬ್ಬರು ಉಬ್ಬುತ್ತದೆ. ಕೂಡಲೇ ಅಲ್ಲ, ಒಂದೆರಡು ದಿನ ಬಿಟ್ಟು. ಇನ್ನೊಂದು, ಬ್ರೇಕ್ ಕೆಲಸ ಮಾಡಿದವನು ಆ ಗಾಡಿಯ ಮೊದಲ ಖೇಪಿಗೆ, ಅಂದರೆ ಮೊದಲ ಪ್ರಯಾಣಕ್ಕೆ, ಮಂದಿಯ ಜೊತೆ ತಾನೂ ಕೂತು ಹೋಗಿಬರಬೇಕು. ತಾಲೂಕು ದಾಟಿ ಅಥಣಿಗೆ ಹೊರಟಿದ್ದರೂ ಸರಿ, ರಾಯಬಾಗಕ್ಕೆ ಹೊರಟಿದ್ದರೂ ಸರಿ. ನಮ್ಮ ಗ್ಯಾರೇಜಿಗೆ ಜನ ಬರುತ್ತಿದ್ದದ್ದು ಈ ಪದ್ಧತಿಯ ನಂಬಿಕೆಯ ಮೇಲೆ.

ಒಂದು ಸಲ ಅಣ್ಣನ ಮಗಳ ನಿಕಾಹ್‌ಗೆಂದು ಉಸ್ತಾದರು ಎರಡು ದಿನ ಕುಡಚಿಗೆ ಹೋದರು. ಬ್ರೇಕ್ ಕೆಲಸ ಮೊದಲ ಬಾರಿಗೆ ನನ್ನೊಬ್ಬನ ಕೈಗೆ ಬಂತು. ಅಂದೇ ಭೋಜದ ಜೀಪು ಬಂದು ನಿಂತಿತು. ಅದರ ಡ್ರೈವರ್ ಭೋಜ ಮತ್ತು ಸುತ್ತಲಿನ ಹಳ್ಳಿಗಳ ಹೆಂಗಸರನ್ನು ದಿನಾ ಬೆಳಿಗ್ಗೆ ನಿಪ್ಪಾಣಿಯ ತಂಬಾಕಿನ ವಖಾರಿಗೆ ಕೆಲಸಕ್ಕೆ ತಂದು, ಸಂಜೆ ಮರಳಿ ಮುಟ್ಟಿಸುತ್ತಿದ್ದ. ಮಾಸ್ಟರ್ ಸಿಲಿಂಡರ್ ಸೋರುತ್ತಿತ್ತು. ಸಂಜೆಯೊಳಗೆ ಗಾಡಿ ಬೇಕೇಬೇಕು ಎಂದು ಅವನು ತಲೆಯ ಮೇಲೆಯೇ ನಿಂತ.

ಅಂಗಡಿಯಲ್ಲಿದ್ದ ಒಂದೇ ಒಂದು ವಾಷರ್ ಕಿಟ್ಟನ್ನು ತಂದೆ. ಬಿಚ್ಚುವಾಗ ಕೈ ಜಾರಿ ವಾಷರುಗಳಷ್ಟೂ ಮಣ್ಣಿಗೆ ಬಿದ್ದವು. ಬ್ರೇಕ್ ಆಯಿಲ್ಲಿನ ಡಬ್ಬಿ ತಳ ಕಂಡಿತ್ತು, ತೊಳೆಯಲು ಸುರಿದರೆ ತುಂಬಲು ಉಳಿಯುತ್ತಿರಲಿಲ್ಲ. ಇನ್ನೊಂದು ಕಿಟ್ ಕೊಲ್ಹಾಪುರದಿಂದ ಬರಬೇಕು. ನಾಳೆ ಬಾ ಎಂದು ಡ್ರೈವರನಿಗೆ ಹೇಳಿದ್ದರೆ ಮುಗಿದಿತ್ತು. ಹೇಳಲು ಬಾಯಿ ಬರಲಿಲ್ಲ. ಒಬ್ಬನೇ ಮಾಡಿದ ಮೊದಲ ಕೆಲಸವೇ ನಿಂತುಹೋಯಿತಂತೆ ಎಂದು ಇಂಜಿನ್ ಕೆಲಸದವರು ನಗುವುದು ಆಗಲೇ ಕಿವಿಗೆ ಕೇಳಿಸುತ್ತಿತ್ತು. ವಾಷರುಗಳನ್ನು ಡೀಸೆಲ್ ತಾಟಿಗೆ ಹಾಕಿದೆ. ಸಿಲಿಂಡರನ್ನು ಉಜ್ಜಿ ಒರೆಸಿ ಮುಗಿಸುವ ಅರ್ಧ ಗಂಟೆ ಅವು ಅಲ್ಲೇ ನೆನೆದವು. ಆಮೇಲೆ ಬಟ್ಟೆಯಿಂದ ಒರೆಸಿ ಕೂರಿಸಿದೆ. ತಿಳಿಯದೆ ಮಾಡಿದೆ ಎಂದು ಮೊದಮೊದಲು ಹೇಳಿಕೊಂಡು ತಿರುಗಿದೆ. ಅದು ಸುಳ್ಳು. ತಿಳಿದೇ ಮಾಡಿದೆ.

ಸಂಜೆ ಪದ್ಧತಿಯಂತೆ ಮೊದಲ ಖೇಪಿಗೆ ಜೀಪಿನ ಹಿಂಭಾಗದಲ್ಲಿ ಕೂತೆ. ಹನ್ನೆರಡು ಹೆಂಗಸರಿದ್ದರು. ತಂಬಾಕಿನ ಘಾಟಿಗೆ ನನಗೆ ಸೀನು ನಿಲ್ಲಲಿಲ್ಲ, ಅವರಿಗೆಲ್ಲ ನಗೆ. ಎದುರಿಗೆ ಕೂತ ಒಬ್ಬ ಮುದುಕಿ ಕೇಳಿದಳು, "ನೀ ಯಾಕ್ ಬಂದಿ ತಮ್ಮಾ?"

"ಬ್ರೇಕ್ ನಾನ ಮಾಡೀನಿ ಆಯಿ. ಮಾಡಿದಾವ್ರು ಮೊದಲ ಖೇಪಿಗೆ ಕೂತು ಬರೂದು ನಮ್ಮ ಉಸ್ತಾದ್ರ ಪದ್ಧತಿ."

"ಛಲೋ ಪದ್ಧತಿ ಐತಿ," ಎಂದು ಬುತ್ತಿ ಬಿಚ್ಚಿ, ಉಳಿದಿದ್ದ ಅರ್ಧ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕೊಟ್ಟಳು. ಅದನ್ನು ತಿನ್ನುತ್ತ ಭೋಜದವರೆಗೆ ಹೋದೆ. ಬ್ರೇಕ್ ಸರಿಯಾಗಿಯೇ ಹಿಡಿಯಿತು. ಕಡೆಯ ಬಸ್ಸಿಗೆ ಮರಳಿ ಬರುವಾಗ ನನ್ನ ಮೈ ಹಗುರಾಗಿತ್ತು.

ಮರುದಿನ ಸಂಜೆ ಉಸ್ತಾದರು ಬಂದರು. ಜೀಪಿನ ಕೆಲಸದ ವಿಷಯ ತಿಳಿದು, ಕೈಗೆ ನಿಕಾಹ್‌ನ ಖಜೂರಿ ಕೊಟ್ಟು ಕೇಳಿದರು, "ರಬ್ಬರ್ ಎದರಾಗ್ ತೊಳ್ದಿ?"

"ಬ್ರೇಕ್ ಆಯಿಲ್‌ನಾಗ್ರಿ."

ಖಜೂರಿ ತಿನ್ನದೆ ಜೇಬಿಗೆ ಹಾಕಿಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಅದೇ ಜೀಪು ಗ್ಯಾರೇಜಿನ ಮುಂದೆ ನಿಂತಿತು. ವಖಾರಿಗೆ ಸೂಟಿ. ಕೆಲಸದ ಗೆಳತಿಯೊಬ್ಬಳ ಮಗಳ ಲಗ್ನಕ್ಕೆ ಹೆಂಗಸರೆಲ್ಲ ಸಂಕೇಶ್ವರಕ್ಕೆ ಹೊರಟಿದ್ದರು. ಹೋಗುವಾಗ ತವಂದಿ ಘಾಟ ಏರಬೇಕು, ಬರುವಾಗ ಅದನ್ನೇ ಇಳಿಯಬೇಕು. ಮುದುಕಿ ಇಳಕಲ್ ಸೀರೆ ಉಟ್ಟು, ಲಗ್ನಕ್ಕೆ ಕೊಡುವ ಆಯೇರಿಯ ಹಿತ್ತಾಳೆ ಚರಿಗೆಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಡ್ರೈವರ್ ಇಂಜಿನ್ ಆರಿಸದೆ ತಲೆ ಹೊರಹಾಕಿ ಹೇಳಿದ, "ಬ್ರೇಕ್ ಮಸ್ತ್ ಮಾಡೀರಿ. ದಿನಾ ಗಟ್ಟಿ ಆಗಾಕತ್ತೈತಿ. ಮುಟ್ಟಿದ್ರ ಸಾಕು, ಹಿಡೀತೈತಿ."

ಅವನು ಹೊಗಳಿಕೆ ಎಂದು ಹೇಳಿದ್ದೇ ರೋಗದ ಲಕ್ಷಣವಾಗಿತ್ತು. ವಾಷರ್ ಉಬ್ಬಿ, ಆಯಿಲ್ ಹಿಂದಿರುಗುವ ತೂತು ಮುಚ್ಚುತ್ತ ಬಂದಿತ್ತು. ಇನ್ನು ಬ್ರೇಕ್ ಹಿಡಿಯುತ್ತಲೇ ಇರುತ್ತದೆ, ಗಾಲಿಯ ಡ್ರಮ್ಮು ಕಾಯುತ್ತದೆ, ಆಯಿಲ್ ಕುದಿಯುತ್ತದೆ. ಆಮೇಲೆ ಪೆಡಲ್ ಒಮ್ಮೆಲೇ ನೆಲಕ್ಕೆ ಹೋಗುತ್ತದೆ, ಬ್ರೇಕ್ ಹಿಡಿಯುವುದೇ ಇಲ್ಲ. ಇದಿಷ್ಟೂ ನನಗೆ ಗೊತ್ತಿತ್ತು. ಉಸ್ತಾದರು ಒಳಗೆ ಬಸ್ಸಿನ ಕೆಳಗೆ ಮಲಗಿ ಕೆಲಸ ಮಾಡುತ್ತಿದ್ದರು. ಇಳೀರಿ ಎಂದರೆ ಅವರು ಹೊರಗೆ ಬರುತ್ತಾರೆ, ಯಾಕೆ ಎಂದು ಕೇಳುತ್ತಾರೆ, ನಿನ್ನೆಯ ಸುಳ್ಳು ಬಯಲಾಗುತ್ತದೆ.

"ಹೋಗಿ ಬರ್ರಿ," ಎಂದೆ.

ಮುದುಕಿ ನಕ್ಕು ಕೈ ಎತ್ತಿದಳು. ಜೀಪು ಹೋಯಿತು.

ಎಷ್ಟು ಹೊತ್ತು ಅಲ್ಲೇ ನಿಂತಿದ್ದೆನೋ. ಹೆಚ್ಚೆಂದರೆ ಹತ್ತು ನಿಮಿಷ ಇರಬಹುದು. ಆ ಹತ್ತು ನಿಮಿಷವನ್ನು ನಾನು ಇಂದಿಗೂ ಕ್ಷಮಿಸಿಕೊಂಡಿಲ್ಲ. ಕಡೆಗೆ ಬಸ್ಸಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಹೊರಗೆ ಚಾಚಿದ್ದ ಉಸ್ತಾದರ ಕಾಲುಗಳಿಗೆ ಹೇಳಿದೆ, "ಉಸ್ತಾದ್ರ, ಭೋಜದ ಜೀಪಿನ ರಬ್ಬರ್ ನಾ ಡೀಸೆಲ್‌ನಾಗ ತೊಳ್ದಿದ್ನಿರಿ."

ಅವರು ಬೈಯಲಿಲ್ಲ. ಹೊರಗೆ ಬಂದು ಕೇಳಿದ್ದು ಒಂದೇ ಮಾತು. "ಎಲ್ಲಿ ಐತಿ ಗಾಡಿ?"

ಅವರ ಮೋಟರ್‌ಸೈಕಲ್ಲಿನ ಮೇಲೆ ಹೊರಟೆವು. ಘಾಟಿನ ಪ್ರತಿ ತಿರುವಿನಲ್ಲೂ ನಾನು ಕಣ್ಣು ಮುಚ್ಚುತ್ತಿದ್ದೆ. ಅರ್ಧಕ್ಕಿಂತ ಮೇಲೆ ಏರಿದ ಮೇಲೆ ಸುಟ್ಟ ಬ್ರೇಕ್ ಲೈನರಿನ ವಾಸನೆ ಬಂತು, ಆಮೇಲೆ ಜೀಪು ಕಂಡಿತು. ರಸ್ತೆ ಬದಿಗೆ ನಿಂತಿತ್ತು. ಹೆಂಗಸರು ಗಿಡದ ನೆರಳಿಗೆ ಕೂತಿದ್ದರು. ಇಂಜಿನ್ ಕಾದಿದೆ, ಅದಕ್ಕೇ ಗಾಡಿ ಏರುತ್ತಿಲ್ಲ ಎಂದುಕೊಂಡು ಡ್ರೈವರ್ ರೇಡಿಯೇಟರಿಗೆ ನೀರು ಹಾಕುತ್ತಿದ್ದ. ತಣ್ಣಗಾದ ಮೇಲೆ ಹೇಗೋ ತುದಿ ಮುಟ್ಟುವವನಿದ್ದ, ಸಂಜೆ ಇಳಿಯುವವನಿದ್ದ.

ಉಸ್ತಾದರು ಬೊಗಸೆಯಲ್ಲಿ ನೀರು ತೆಗೆದುಕೊಂಡು ಗಾಲಿಯ ಡ್ರಮ್ಮಿನ ಮೇಲೆ ಚಿಮುಕಿಸಿದರು. ಚುಂಯ್ ಎಂದಿತು. ಚಪ್ಪಲಿ ಬಿಟ್ಟು ಹತ್ತಿ ಪೆಡಲ್ ಒತ್ತಿದರು. ಇಳಿದು ಬಂದು ನನ್ನ ಮುಂದೆ ನಿಂತರು.

"ಬೂಟ್ ಬಿಚ್ಚು."

ಬಿಚ್ಚಿದೆ. ಬರಿಗಾಲನ್ನು ಪೆಡಲ್ ಮೇಲೆ ಇಟ್ಟೆ. ಅದು ಕದಲಲಿಲ್ಲ. ಕಲ್ಲನ್ನು ತುಳಿದಂತಿತ್ತು.

"ಏನಂತೈತಿ? ಎಲ್ಲಾರಿಗೂ ಕೇಳೂವಂಗ ಹೇಳು."

"ವಾಷರ್ ಉಬ್ಬ್ಯಾವ್ರಿ."

"ಯಾಕ?"

ಹೇಳಿದೆ. ಡ್ರೈವರ್ ನನ್ನ ಕೊರಳಪಟ್ಟಿ ಹಿಡಿದ. ಉಸ್ತಾದರು ಬಿಡಿಸಲಿಲ್ಲ. ಅವನೇ ಸ್ವಲ್ಪ ಹೊತ್ತಿಗೆ ಬಿಟ್ಟು, ತಲೆಯ ಮೇಲೆ ಕೈ ಹೊತ್ತು ಬಂಪರಿನ ಮೇಲೆ ಕೂತ. ಹೊಡೆದಿದ್ದರೆ ಚೆನ್ನಾಗಿತ್ತು.

ಆಗ ಮುದುಕಿ ಎದ್ದು ಬಂದಳು. ಸಿಟ್ಟಿರಲಿಲ್ಲ. ತಿಳಿದುಕೊಳ್ಳಲೆಂದೇ ಕೇಳಿದಳು. "ಮುಂಜಾನೆ ಹೋಗಿ ಬರ್ರಿ ಅಂದೆಲ್ಲಾ ತಮ್ಮಾ, ಆವಾಗ ನಿನಗ ಗೊತ್ತಿತ್ತೇನು?"

ನಾನು ಬೂಟಿನ ಕಡೆ ನೋಡುತ್ತ ನಿಂತೆ. ಅವಳು ಬಹಳ ಹೊತ್ತು ಕಾದಳು. ಆಮೇಲೆ ಚರಿಗೆ ಎತ್ತಿಕೊಂಡು, ಉಸ್ತಾದರು ಕೈಮಾಡಿ ನಿಲ್ಲಿಸಿದ್ದ ಬಸ್ಸು ಹತ್ತಿದಳು. ಹೆಂಗಸರೆಲ್ಲ ಅದರಲ್ಲೇ ಲಗ್ನಕ್ಕೆ ಹೋದರು.

ಉಸ್ತಾದರು ಪೈಪಿನ ನಟ್ಟು ಸಡಿಲಿಸಿ ಆಯಿಲ್ಲಿನ ಒತ್ತಡ ಬಿಟ್ಟರು, ಹಿಡಿದಿದ್ದ ಬ್ರೇಕ್ ಪೂರ್ತಿ ಸಡಿಲಾಯಿತು. ಮೋಟರ್‌ಸೈಕಲ್ಲನ್ನು ಡ್ರೈವರನಿಗೆ ಕೊಟ್ಟು, ಬ್ರೇಕಿಲ್ಲದ ಜೀಪನ್ನು ತಾವೇ ಮೊದಲ ಗೇರಿನಲ್ಲಿ, ಆಳು ನಡೆಯುವ ವೇಗದಲ್ಲಿ ಇಳಿಸಿದರು. "ನೀ ಮಾಡಿದ ಬ್ರೇಕ್, ಕೂಡ್ರು," ಎಂದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಬಾಗಿಲಿಲ್ಲದ ನನ್ನ ಕಡೆಗೆ ಕಣಿವೆ ಇತ್ತು. ಗ್ಯಾರೇಜು ಬಿಡು ಎಂದು ಅವರು ಹೇಳಲಿಲ್ಲ. ಆರು ತಿಂಗಳು ಬ್ರೇಕಿನ ರಬ್ಬರನ್ನು ಮುಟ್ಟಗೊಡಲಿಲ್ಲ, ಅಷ್ಟೆ.

ಮುದುಕಿ ಮತ್ತೆ ಆ ಜೀಪು ಹತ್ತಲಿಲ್ಲ. ಸಂಜೆ ವಖಾರಿ ಬಿಟ್ಟ ಮೇಲೆ ಬಸ್ ಸ್ಟ್ಯಾಂಡಿಗೆ ನಮ್ಮ ಗ್ಯಾರೇಜಿನ ಮುಂದೆಯೇ ನಡೆದು ಹೋಗುತ್ತಿದ್ದಳು. ಉಸ್ತಾದರಿಗೆ "ಆರಾಮ್ ಅದೀರಿ?" ಎಂದು ಕೇಳುತ್ತಿದ್ದಳು. ನನ್ನ ಕಡೆ ನೋಡುತ್ತಿರಲಿಲ್ಲ. ಎಷ್ಟೋ ಸಂಜೆ ಎದ್ದು ಹೋಗಿ ಹೇಳಬೇಕೆಂದು ಕೈ ಒರೆಸಿಕೊಂಡು ನಿಂತಿದ್ದೇನೆ. ಒಂದು ವರ್ಷದ ಮೇಲೆ ಅವಳು ಆ ದಾರಿಯಲ್ಲಿ ಬರುವುದೇ ನಿಂತಿತು. ಯಾಕೆಂದು ಯಾರನ್ನೂ ಕೇಳುವ ಧೈರ್ಯವಾಗಲಿಲ್ಲ.

ಈಗ ಕಾಗವಾಡದಲ್ಲಿ ನನ್ನದೇ ಗ್ಯಾರೇಜಿದೆ. ಬರಿಗಾಲಲ್ಲೇ ಪೆಡಲ್ ಒತ್ತುತ್ತೇನೆ, ಮೊದಲ ಖೇಪಿಗೆ ಕೂತು ಹೋಗಿಬರುತ್ತೇನೆ. ಗಾಡಿ ಹೊರಡುವಾಗ ಉಳಿದವರು ಹೋಗಿ ಬರ್ರಿ ಅನ್ನುತ್ತಾರೆ, ನಾನು ಅನ್ನುವುದಿಲ್ಲ. ಅಂದು ಘಾಟಿನಲ್ಲಿ ಆ ಮುದುಕಿ ಕಾದದ್ದು ಒಂದೇ ಮಾತಿಗೆ. ಗೊತ್ತಿತ್ತು ಆಯಿ.