ಅಂಟಕ್ಕ ಹತ್ತಿದ ಹನ್ನೆರಡು ಏಣಿ

ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ನಮ್ಮ ಮರಗೆಲಸದ ಶೆಡ್ಡಿನಲ್ಲಿ ಎಲ್ಲರಿಗೂ ಅವಳು ಅಂಟಕ್ಕ. ಮೂವತ್ತೊಂದು ವರ್ಷ ಅವಳು ಮಾಡಿದ್ದು ಒಂದೇ ಕೆಲಸ. ಬಡಗಿಗಳು ಕೊಯ್ದು ಕೆತ್ತಿ ತಂದ ಮರಕ್ಕೆ ಅಂಟು ಹಚ್ಚಿ ಜೋಡಿಸುವುದು. ನಾನು ಅವಳ ನಂತರದವನು, ಪಾಲಿಶ್ ಹೊಡೆಯುವವನು. ಅವಳು ಜೋಡಿಸಿದ್ದು ನನ್ನ ಕೈಗೆ ಬರುತ್ತಿತ್ತು, ನಾನು ಹೊಳೆಸಿದ್ದು ಗಿರಾಕಿಯ ಕಣ್ಣಿಗೆ ಬೀಳುತ್ತಿತ್ತು. ಹೊಗಳಿಕೆಯೆಲ್ಲ ನನಗೇ. ಅಂಟು ಎಷ್ಟು ಚೆನ್ನಾಗಿದೆ ಎಂದು ಕುರ್ಚಿ ಕೊಂಡವರನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ.

ಆಸೆಪಟ್ಟು ಬಂದ ಕೆಲಸವಲ್ಲ ಅದು. ಅವಳ ಗಂಡ ಇಲ್ಲೇ ಬಡಗಿಯಾಗಿದ್ದ. ಗರಗಸದ ಯಂತ್ರ ಅವನ ಬಲಗೈಯ ಮೂರು ಬೆರಳು ತೆಗೆದುಕೊಂಡಿತು. ಗಾಯ ಮಾಯುವವರೆಗೆ, ಆರು ತಿಂಗಳಿಗೆಂದು, ಅವನ ಬದಲಿಗೆ ಇವಳು ಬಂದಳು. ಗಾಯವೇನೋ ಮಾಯಿತು, ಬೆರಳು ಬರಬೇಕಲ್ಲ! ಅವನು ಎಡಗೈಯಲ್ಲಿ ಅಡುಗೆ ಕಲಿತ, ಇವಳು ಅಂಟು ಕಲಿತಳು. ಸಂಜೆ ಬೆರಳ ಮೇಲೆ ಒಣಗಿದ ಅಂಟಿನ ಪೊರೆ ಸುಲಿಯುತ್ತಾ, "ಆ ಆರು ತಿಂಗ್ಳು ಇನ್ನೂ ಮುಗಿದಿಲ್ಲ ನೋಡು" ಅನ್ನುತ್ತಿದ್ದಳು. ನಗುತ್ತಲೇ ಅನ್ನುತ್ತಿದ್ದಳು, ಆದರೆ ದಣಿದವರ ನಗು ಅದು.

ಯಾವ ಮರ ಬಂದರೂ ಅವಳ ಮೊದಲ ಪ್ರಶ್ನೆ, "ಇದು ಎಲ್ಲಿ ಬಾಳಬೇಕು?" ಎಂದು. ಮನೆಯೊಳಗಿನ ಕಪಾಟಾದರೆ ಬಿಳಿ ಅಂಟು. ಬಚ್ಚಲು, ಅಡುಗೆಮನೆ ಎಂದರೆ ನೀರಿಗೆ ಬಗ್ಗದ ಬೇರೆ ಡಬ್ಬಿ. ಎಣ್ಣೆಯಂಶದ ಮರವಾದರೆ ಮೊದಲು ಸ್ಪಿರಿಟ್ಟಿನಲ್ಲಿ ಒರೆಸಿ, ಎರಡು ಟ್ಯೂಬ್ ಬೆರೆಸುವ ಅಂಟು. ಮೇಜಿನ ಮೇಲೆ ಮೈಕಾ ಹಾಳೆ ಕೂರಿಸುವ ರಬ್ಬರ್ ಅಂಟನ್ನು ಎರಡೂ ಕಡೆ ಹಚ್ಚಿ, ಬೆರಳಿಗೆ ಹತ್ತದಷ್ಟು ಆರಿದ ಮೇಲೆಯೇ ಒತ್ತಬೇಕು. ಅದರ ವಾಸನೆಗೆ ಅವಳಿಗೆ ಮಧ್ಯಾಹ್ನವೆಲ್ಲ ತಲೆನೋವು. ಮರದ ಕೊಯ್ದ ತುದಿ ಅಂಟನ್ನು ಕುಡಿದುಬಿಡುತ್ತದೆ, ಅದಕ್ಕೆ ಎರಡು ಸಲ ಕೊಡಬೇಕು ಎನ್ನುವುದನ್ನು ನನಗೆ ನೂರು ಸಲ ಹೇಳಿದ್ದಳು. ನಾನು ಪಾಲಿಶಿನವನು, ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟೆ.

ಅಂಟು ಹಚ್ಚಿ, ಜೋಡಿಸಿದ್ದನ್ನು ಒತ್ತಿ ಹಿಡಿಯುವ ಕ್ಲ್ಯಾಂಪ್ ಬಿಗಿದ ಮೇಲೆ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಮರದ ಮೇಲೇ ಬರೆಯುತ್ತಿದ್ದಳು, ಯಾವಾಗ ಬಿಚ್ಚಬೇಕೆಂದು. ಆ ಹೊತ್ತಿಗೆ ಮುಂಚೆ ಯಾರೂ ಮುಟ್ಟುವ ಹಾಗಿಲ್ಲ. ಯಜಮಾನರೂ ಮುಟ್ಟುತ್ತಿರಲಿಲ್ಲ. ಮುಟ್ಟಿದವನು ನಾನು.

ಹುಡುಗಿಯರ ಹಾಸ್ಟೆಲ್ಲೊಂದಕ್ಕೆ ಹನ್ನೆರಡು ಮಹಡಿ ಮಂಚ ಕಳಿಸುವುದಿತ್ತು. ಕೆಳಗೊಬ್ಬಳು, ಮೇಲೊಬ್ಬಳು, ಹತ್ತಲು ಐದು ಮೆಟ್ಟಿಲಿನ ಮರದ ಏಣಿ. ಶೆಡ್ಡಿನಲ್ಲಿದ್ದ ಕ್ಲ್ಯಾಂಪುಗಳು ಒಂಬತ್ತು ಏಣಿಗೆ ಸಾಕಾದವು. ಉಳಿದ ಮೂರನ್ನು ಅವಳು ಮರುದಿನ ಬೆಳಗ್ಗೆ ಜೋಡಿಸಿದಳು. ಮೈ ಕೊರೆಯುವ ಚಳಿ. ಚಳಿಯಲ್ಲಿ ಬಿಳಿ ಅಂಟು ಬೇಗ ಹಿಡಿಯುವುದಿಲ್ಲ. "ನಾಳೆ ಹತ್ತು ಗಂಟೆ" ಎಂದು ಬರೆದು, "ಈ ಮೂರು ಆಮೇಲೆ ಬರುತ್ತೆ ಅಂತ ಯಜಮಾನ್ರಿಗೆ ಹೇಳ್ಬಿಡು" ಎಂದು ನನಗೆ ಒಪ್ಪಿಸಿ, ಮಂಡಿನೋವಿಗೆ ಡಾಕ್ಟರ ಬಳಿ ಹೋದಳು. ವ್ಯಾನು ಬರುವುದು ಮರುದಿನ ಎಂಟಕ್ಕೆ.

ನಾನು ಯಜಮಾನರಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ಕೂಗಾಡುತ್ತಿದ್ದರು, ಇನ್ನೊಂದು ಸಲ ವ್ಯಾನು, ಇನ್ನೊಂದು ಸಲ ಪಾಲಿಶ್. ವಾರವಿಡೀ ದುಡಿದು ನಾನೂ ಹಣ್ಣಾಗಿದ್ದೆ. ದೊಡ್ಡ ಕಾರಣವೇನೂ ಇಲ್ಲ, ಐದು ಗಂಟೆಗೆ ಮನೆ ಸೇರಬೇಕಿತ್ತು, ಅಷ್ಟೇ. ಮಧ್ಯಾಹ್ನಕ್ಕೇ ಕ್ಲ್ಯಾಂಪ್ ಬಿಚ್ಚಿ, ಪೆನ್ಸಿಲ್ಲಿನ ಬರಹವನ್ನು ಎಮರಿ ಕಾಗದದಲ್ಲಿ ಉಜ್ಜಿ ಹಾಕಿ, ಹನ್ನೆರಡಕ್ಕೂ ಒಟ್ಟಿಗೆ ಪಾಲಿಶ್ ಹೊಡೆದೆ. ಬೆಳಗ್ಗೆ ಏಣಿಗಳು ಹೋದವು.

ಆ ಮರುದಿನ ಶೆಡ್ಡಿಗೆ ಮರಳಿ, ಹೊಸ ಕೆಲಸಕ್ಕೆಂದು ಕ್ಲ್ಯಾಂಪ್ ಕೈಗೆತ್ತಿಕೊಂಡವಳು ಅಲ್ಲೇ ನಿಂತಳು.

"ಪಾಲಿಶೂ, ಆ ಮೂರನ್ನ ಯಾವಾಗ ಬಿಚ್ದೆ?"

"ನೀನು ಬರೆದ ಟೈಮಿಗೇ ಅಕ್ಕ."

"ವ್ಯಾನು ಎಂಟಕ್ಕೇ ಹೋಯ್ತಂತಲ್ಲ?"

ಅವಳು ಕ್ಲ್ಯಾಂಪಿನ ಬಾಯಿಯನ್ನು ಉಗುರಿನಿಂದ ಕೆರೆದು ತೋರಿಸಿದಳು. "ಒಣಗಿದ ಮೇಲೆ ಬಿಚ್ಚಿದ್ರೆ ಅಂಟು ಚೂರಾಗಿ ಉದುರುತ್ತೆ. ಇಲ್ಲಿ ನೋಡು, ಸವರಿದ ಹಾಗೆ ಎಳ್ಕೊಂಡಿದೆ. ಹಸಿ ಇದ್ದಾಗ್ಲೇ ತೆಗ್ದಿದೀಯ. ಯಾವ ಮೂರು ಏಣಿ?"

"ಗೊತ್ತಿಲ್ಲ ಅಕ್ಕ. ಪಾಲಿಶ್ ಆದ್ಮೇಲೆ ಎಲ್ಲಾ ಒಂದೇ ಥರ."

ಯಜಮಾನರಿಗೆ ಹೇಳುತ್ತಾಳೆ, ನನ್ನ ಕಥೆ ಮುಗಿಯಿತು ಎಂದುಕೊಂಡೆ. ಅವಳು ಉಳಿ, ಟ್ಯೂಬಿನ ಅಂಟು, ಹಗ್ಗ ಎಲ್ಲ ಚೀಲಕ್ಕೆ ತುಂಬಿದಳು. "ಅವ್ರಿಗೆ ಹೇಳಿದ್ರೆ ನಿನ್ನ ಮನೆಗೆ ಕಳಿಸ್ತಾರೆ. ಏಣಿ ಅಲ್ಲೇ ಇರುತ್ತೆ. ನಡಿ, ಬಸ್ಸು ಹಿಡಿಯೋಣ."

ಹಾಸ್ಟೆಲಿಗೆ ಹೋದಾಗ ಹುಡುಗಿಯರೆಲ್ಲ ಶಾಲೆಯಲ್ಲಿದ್ದರು. ಉದ್ದನೆಯ ಕೋಣೆ, ಎರಡು ಸಾಲು ಮಂಚ. ಒಂದು ಮೇಲಿನ ಮಂಚದ ಪಕ್ಕದ ಗೋಡೆಗೆ ಯಾರೋ ಏಳರ ಮಗ್ಗಿ ಬರೆದು ಅಂಟಿಸಿಕೊಂಡಿದ್ದರು. ನಿದ್ದೆಗಣ್ಣಲ್ಲಿ ಇಳಿಯುವ ಮಕ್ಕಳು ಇವರು ಎಂದು ನನಗೆ ಆಗ ಹೊಳೆಯಿತು.

ಅಂಟು ಹಿಡಿದಿದೆಯೋ ಇಲ್ಲವೋ ಹೊರಗಿನಿಂದ ಕಾಣುವುದಿಲ್ಲ. ಭಾರ ಹಾಕಿಯೇ ನೋಡಬೇಕು. ನಾನು ಮೊದಲ ಏಣಿಗೆ ಕಾಲಿಟ್ಟೆ. ಅಂಟಕ್ಕ ನನ್ನ ತೋಳು ಹಿಡಿದು ಕೆಳಗಿಳಿಸಿದಳು.

"ನೀನು ಕಡ್ಡಿ ಪೈಲ್ವಾನ್. ನೀನು ಹತ್ತಿದ್ದು ಏಣಿಗೆ ಗೊತ್ತೂ ಆಗಲ್ಲ. ನಾನು ಎಂಬತ್ತೆರಡು ಕಿಲೋ. ಸರಿ, ಹಿಡ್ಕೋ."

ಮೆಟ್ಟಿಲಿನ ಒಂದು ತುದಿಗೆ ಕಾಲಿಟ್ಟು ಮೈಭಾರವನ್ನೆಲ್ಲ ಬಿಟ್ಟು ಎರಡು ಸಲ ಕುಕ್ಕುವುದು, ಕಿವಿಗೊಡುವುದು, ಇನ್ನೊಂದು ತುದಿಗೆ ಹೋಗುವುದು. ಒಂದು ಏಣಿಗೆ ಐದು ಮೆಟ್ಟಿಲು. ಹತ್ತುವಾಗ ಹಲ್ಲು ಕಚ್ಚುತ್ತಿದ್ದಳು, ಇಳಿಯುವಾಗ "ಅಮ್ಮಾ" ಅನ್ನುತ್ತಿದ್ದಳು. ನಾಲ್ಕನೆಯ ಏಣಿಯ ಎರಡನೆಯ ಮೆಟ್ಟಿಲು ಕಿರ್ರೆಂದು ತಿರುಗಿತು. "ಒಂದು" ಎಂದಳು. ಆರು ಏಣಿ ಆದ ಮೇಲೆ ಕೆಳಗಿನ ಮಂಚದಲ್ಲಿ ಕೂತು ಮಂಡಿ ಒತ್ತಿಕೊಂಡಳು. ನನಗೆ ಅವಳ ಮುಖ ನೋಡಲಾಗಲಿಲ್ಲ. ಒಂಬತ್ತನೆಯದರಲ್ಲಿ ಇನ್ನೊಂದು ಸಿಕ್ಕಿತು. ಆ ಮೆಟ್ಟಿಲು ಕಳಚಿಯೇ ಬಂತು, ಅವಳು ನನ್ನ ಮೇಲೆ ಬಿದ್ದಳು, ಇಬ್ಬರೂ ನೆಲಕ್ಕೆ. ಅವಳು ಎದ್ದು ಹತ್ತನೆಯದಕ್ಕೆ ಹೋದಳು. ಹನ್ನೆರಡೂ ಮುಗಿದವು. ಮೂರನೆಯದು ಸಿಗಲಿಲ್ಲ.

"ಮೂರೇ ಅಲ್ವಾ?"

"ಮೂರೇ ಅಕ್ಕ."

"ಇವತ್ತು ತಡ್ಕೊಂಡಿದೆ. ಬೇಸಿಗೇಲಿ ಮರ ಒಣಗಿದಾಗ ಬಿಡುತ್ತೆ." ಹನ್ನೆರಡು ಏಣಿಗಳನ್ನೂ ಒಮ್ಮೆ ನೋಡಿ, "ಹೋಗಿ ಸ್ಕ್ರೂ ತಗೊಂಡು ಬಾ. ಎಲ್ಲದಕ್ಕೂ ಹಾಕೋಣ" ಎಂದಳು.

ಅಲ್ಲಿಯವರೆಗಿನ ಇಪ್ಪತ್ತೊಂಬತ್ತು ವರ್ಷದಲ್ಲಿ ತಾನು ಜೋಡಿಸಿದ್ದಕ್ಕೆ ಅವಳು ಒಂದು ಸ್ಕ್ರೂ ಹಾಕಿದವಳಲ್ಲ. ಸ್ಕ್ರೂ ಹಾಕುವುದು ಎಂದರೆ ಅಂಟಿನ ಮೇಲೆ ನಂಬಿಕೆ ಇಲ್ಲ ಅಂತ ಬರೆದುಕೊಟ್ಟ ಹಾಗೆ ಎನ್ನುತ್ತಿದ್ದಳು. ಅಂದು ನೂರಿಪ್ಪತ್ತು ಸ್ಕ್ರೂ ಹಾಕಿದೆವು. ನನ್ನ ಪಾಲಿಶಿನ ಮೇಲೆ ನಾನೇ ತೂತು ಕೊರೆದೆ. ಕೆಟ್ಟ ಎರಡು ಏಣಿಗಳ ಹಳೆಯ ಅಂಟನ್ನು ಅವಳು ಉಳಿಯಲ್ಲಿ ಪೂರ್ತಿ ಕೆರೆದಳು, ಹಳೆಯದರ ಮೇಲೆ ಹೊಸದು ಹಿಡಿಯುವುದಿಲ್ಲವಲ್ಲ. ಟ್ಯೂಬಿನ ಅಂಟು ಬೆರೆಸಿ ಕೂರಿಸಿ ಹಗ್ಗದಲ್ಲಿ ಬಿಗಿದಳು. ಹಾಸ್ಟೆಲಿನ ಮೇಲ್ವಿಚಾರಕಿ ಬಂದು ಇದೇನೆಂದು ಕೇಳಿದರು. ನಾನು ತಲೆ ತಗ್ಗಿಸಿ ಸ್ಕ್ರೂ ತಿರುಗಿಸುತ್ತಲೇ ಇದ್ದೆ.

"ಕೆಲಸ ಸರಿಯಾಗಿ ಆಗಿರ್ಲಿಲ್ಲ ಅಮ್ಮಾ. ನಮ್ದೇ ತಪ್ಪು," ಅಂದಳು ಅಂಟಕ್ಕ. "ಹಗ್ಗ ಕಟ್ಟಿರೋ ಎರಡನ್ನ ಎರಡು ದಿನ ಯಾರೂ ಹತ್ತೋದು ಬೇಡ. ಆ ಮಕ್ಕಳನ್ನ ಕೆಳಗೇ ಮಲಗಿಸಿ."

ನಮ್ದು ಅಂದಳಲ್ಲ, ಅದು ನನ್ನನ್ನು ಚುಚ್ಚಿತು.

ವಾಪಸ್ ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆಯಾನಿಸಿ ಕೂತಿದ್ದಳು. "ತಪ್ಪಾಯ್ತು ಅಕ್ಕ. ಬೈದುಬಿಡು" ಅಂದೆ.

"ಬೈಬೇಕು. ಇವತ್ತು ಮೈಯಲ್ಲಿ ಶಕ್ತಿ ಇಲ್ಲ. ನಾಳೆ ಬೈತೀನಿ."

ಮರುದಿನ ಮಂಡಿಗೆ ಬಟ್ಟೆ ಸುತ್ತಿಕೊಂಡು ಬಂದಳು, ಕೂತಳು, ಅಂಟು ಹಚ್ಚಿದಳು. ನಾನು ಬೇಕೆಂದೇ ಅವಳ ಮುಂದೆ ನಾಲ್ಕು ಸಲ ಸುಳಿದಾಡಿದೆ. ಬೈಯಲಿಲ್ಲ. ಅದರ ಮರುದಿನವೂ ಇಲ್ಲ. ಎರಡು ವರ್ಷದ ನಂತರ ನಿಲ್ಲಲಾಗದೆ ಕೆಲಸ ಬಿಟ್ಟಳು. ಬೈಸಿಕೊಂಡಿದ್ದರೆ ಅಂದೇ ಹಗುರಾಗುತ್ತಿದ್ದೆ.

ಕಳೆದ ತಿಂಗಳು ಅವಳ ಮನೆಗೆ ಹೋಗಿದ್ದೆ. ಗಂಡ ಎಡಗೈಯಲ್ಲಿ ಟೀ ತಂದುಕೊಟ್ಟ. ಅವಳು ಕಾಲು ಚಾಚಿ ಕೂತಿದ್ದಳು, ಬೆರಳುಗಳು ಈಗ ಸ್ವಚ್ಛವಾಗಿದ್ದವು. ಧೈರ್ಯ ಮಾಡಿ ಹೇಳಿಯೇಬಿಟ್ಟೆ. "ಅಕ್ಕ, ನೀನು ನನ್ನ ಬೈಯೋದು ಬಾಕಿ ಇದೆ."

"ಬೈಯೋದು ಬಿಡೋ," ಎಂದು ನೆಟ್ಟಗೆ ಕೂತಳು. "ಆ ಮೂರನೇದು ಯಾವುದು ಅಂತ ಗೊತ್ತಾಯ್ತಾ?"

"ಇಲ್ಲ ಅಕ್ಕ."

"ನಾನು ವರ್ಷಕ್ಕೆರಡು ಸಲ ಹಾಸ್ಟೆಲಿಗೆ ಹೋಗಿ ಸ್ಕ್ರೂ ಬಿಗಿ ಮಾಡ್ಕೊಂಡು ಬರ್ತಿದ್ದೆ. ಹೋದ ವರ್ಷದಿಂದ ಆಗ್ಲಿಲ್ಲ. ಇನ್ಮೇಲೆ ನೀನು ನೋಡ್ಕೋ."

ಸೋಮವಾರ ರಜೆ ಹಾಕಿ, ಸ್ಕ್ರೂಡ್ರೈವರ್ ತೆಗೆದುಕೊಂಡು ಹೋದೆ.